ಶಾಂತಿಯ ಎಂ.ಎ. ಪರೀಕ್ಷೆಗೆ ನಾವು ಇಪ್ಪತ್ತೊಂದು ಜನ

ಶಾಂತಿಯನ್ನು ನಾನು ಮೊದಲು ನೋಡಿದ್ದು ಹತ್ತು ವರ್ಷದ ಹಿಂದೆ, ಆಷಾಢದ ಒಂದು ಮಂಗಳವಾರ. ಅರಕಲಗೂಡಿನ ನಮ್ಮ ಬೀದಿಯಲ್ಲಿ ಮನೆಮನೆಗೂ ಹೋಗಿ ಅರವತ್ತು ದಾಟಿದವರ ಹೆಸರು ಬರೆದುಕೊಳ್ಳುತ್ತಿದ್ದಳು. ನಾನು ಜಗಲಿಯ ಮೇಲೆ ಮೊರ ಇಟ್ಟುಕೊಂಡು ಹುರುಳಿ ಆರಿಸುತ್ತಿದ್ದೆ.

"ಅಜ್ಜಿ, ಹಗಲೊತ್ತು ಮನೇಲಿ ಯಾರಿರ್ತಾರೆ?" ಅಂದಳು.

"ನಾನಿರ್ತೀನಿ."

"ನಿಮ್ ಜೊತೆಗೆ?"

"ನನ್ ಜೊತೆಗೆ ಹುರುಳಿ ಐತೆ. ಕಲ್ಲೂ ಐತೆ."

ನಕ್ಕಳು. ಬರೆಯುವುದನ್ನು ಪಕ್ಕಕ್ಕಿಟ್ಟು ಮೊರದ ಆ ಕಡೆ ಕೂತು ತಾನೂ ಕಲ್ಲು ಆರಿಸಿದಳು. ನಮ್ಮೂರಿನ ಕೃಷ್ಣಪ್ಪ ಮೇಷ್ಟ್ರು ವಯಸ್ಸಾದವರಿಗೆ ಅಂತ ಒಂದು ಹಗಲುಮನೆ ತೆರೆಯುತ್ತಾರೆ, ಬೆಳಿಗ್ಗೆ ಒಂಬತ್ತಕ್ಕೆ ಬಂದರೆ ಸಂಜೆ ಐದರವರೆಗೆ ಇರಬಹುದು, ಮಧ್ಯಾಹ್ನ ಊಟ ಇದೆ, ಮಾತಿಗೆ ಜನ ಇದ್ದಾರೆ ಅಂದಳು. ನನಗೆ ಮಗ, ಸೊಸೆ ಇದ್ದಾರೆ. ಇಬ್ಬರೂ ಕೆಲಸಕ್ಕೆ ಹೋಗಿ ಆರು ಗಂಟೆಗೆ ಬರುತ್ತಾರೆ. ಅನ್ನ ಇಲ್ಲದವಳಲ್ಲ, ಬರುವುದಿಲ್ಲ ಅಂದೆ. ಮೂರು ಮಂಗಳವಾರ ಬಂದು ಕೇಳಿದಳು. ನಾಲ್ಕನೆಯ ಮಂಗಳವಾರ ಅವಳು ಬರುವ ಮುಂಚೆ ನಾನೇ ಸೀರೆ ಬದಲಿಸಿ ಕೂತಿದ್ದೆ.

ಅವಳ ಊರು ಹೊಳೆನರಸೀಪುರ. ತಂದೆ ಹುಚ್ಚಯ್ಯ ಕೂಲಿ ಮಾಡಿ ಅವಳನ್ನು ಬಿ.ಎ. ಓದಿಸಿದ್ದರು. ಗಂಡ ನಟರಾಜುಗೆ ಮೋಟಾರ್ ಸೈಕಲ್ ರಿಪೇರಿ ಅಂಗಡಿ. ಒಬ್ಬಳು ಮಗಳು. ಒಂದು ಸಲ ಅವರ ಮನೆಗೆ ಹೋಗಿದ್ದೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಅವಳು ಬಿ.ಎ. ಪಾಸಾದ ದಿನ ತೆಗೆಸಿದ ಫೋಟೋ. ದಿನಾ ಬಸ್ಸಿನಲ್ಲಿ ಅರಕಲಗೂಡಿಗೆ ಬರುತ್ತಿದ್ದಳು. ನಮ್ಮ ಮಾತ್ರೆ, ನಮ್ಮ ಕಣ್ಣಿನ ಆಪರೇಷನ್, ಪೆನ್ಷನ್ ಅರ್ಜಿ, ಅಡುಗೆಗೆ ತರಕಾರಿ, ಎಲ್ಲಾ ಅವಳೇ. ನನಗೆ ರುಜು ಹಾಕುವುದಕ್ಕಿಂತ ಹೆಚ್ಚು ಅಕ್ಷರ ಕಲಿಸಿದವಳೂ ಅವಳೇ.

ಎರಡು ವರ್ಷದ ಹಿಂದೆ ಕೃಷ್ಣಪ್ಪ ಮೇಷ್ಟ್ರಿಗೆ ಕೈಲಾಗದೆ ಹೋಯಿತು. ಹಗಲುಮನೆ ನಡೆಸುವ ಸಂಸ್ಥೆಯ ಸದಸ್ಯರು ಸಭೆ ಸೇರಿ, ಮುಂದೆ ಅದಕ್ಕೆ ಮುಖ್ಯಸ್ಥರಾಗುವವರು ಸೇವಾಸಂಸ್ಥೆಗಳನ್ನು ನಡೆಸುವ ವಿದ್ಯೆಯಲ್ಲಿ ಎಂ.ಎ. ಮಾಡಿರಬೇಕು ಅಂದರು. ಶಾಂತಿಗೆ ಎರಡು ವರ್ಷ ಟೈಮ್ ಕೊಟ್ಟರು. ಅಷ್ಟರಲ್ಲಿ ಪಾಸಾಗದಿದ್ದರೆ ಹೊರಗಿನಿಂದ ಓದಿದವರನ್ನು ತರುವುದು, ಶಾಂತಿ ಅವರ ಕೈ ಕೆಳಗೆ ಇರುವುದು.

ಭಾನುವಾರ ಹಾಸನದಲ್ಲಿ ಪಾಠ. ಬೆಳಿಗ್ಗೆ ಏಳರ ಬಸ್ಸಿಗೆ ಹೋಗುವಳು. ಸೋಮವಾರ ನಮ್ಮ ಊಟ ಆದ ಮೇಲೆ ಪಾಠದ ಪುಸ್ತಕವನ್ನು ಗಟ್ಟಿಯಾಗಿ ಓದುವಳು. ನಾವು ಮಲಗಿಕೊಂಡೇ ಕೇಳುತ್ತಿದ್ದೆವು. ಚನ್ನಬಸವಯ್ಯನವರು ಮೊದಲ ಪುಟಕ್ಕೇ ಗೊರಕೆ. ರಾಮಣ್ಣ ಮಾತ್ರ ಎದ್ದು ಕೂತು ಕೇಳುವನು.

"ಫಲಾನುಭವಿಗಳು ಅಂದ್ರೆ ಯಾರವ್ವ?"

"ನೀವೇ ತಾತ."

"ನಾವಾ? ಇಷ್ಟ್ ವರ್ಸ ಒಬ್ರೂ ಏಳ್ನೇ ಇಲ್ವಲ್ಲ!"

ಬರೆಯುವ ಪತ್ರಿಕೆಗಳನ್ನೆಲ್ಲ ಶಾಂತಿ ಪಾಸು ಮಾಡಿದಳು. ಉಳಿದದ್ದು ನಾಯಕತ್ವದ ಪತ್ರಿಕೆ. ಅದಕ್ಕೆ ಬರೆಯುವ ಪರೀಕ್ಷೆ ಇಲ್ಲ. ಹಗಲುಮನೆಗೆ ಬರುವವರದೇ ಒಂದು ಕಮಿಟಿ ಮಾಡಿಸಬೇಕು, ಅವರೇ ಅಧ್ಯಕ್ಷರನ್ನು ಆರಿಸಬೇಕು, ಶಾಂತಿ ಬಾಯಿ ಹಾಕದೆ ಅವರೇ ತೀರ್ಮಾನ ಮಾಡಬೇಕು. ಕಾಲೇಜಿನಿಂದ ಒಬ್ಬರು ಬಂದು ನೋಡಿ ಅಂಕ ಕೊಡುತ್ತಾರೆ.

ಜನವರಿಯಲ್ಲಿ ಬಂದವರು ರಜನೀಶ್ ಅನ್ನುವ ಮೇಷ್ಟ್ರು. ನಾವು ಇಪ್ಪತ್ತೊಂದು ಜನ ಕೂತಿದ್ದೆವು. ಅಧ್ಯಕ್ಷರ ಜಾಗಕ್ಕೆ ಮೂರು ಹೆಸರು: ಚನ್ನಬಸವಯ್ಯ, ರಾಮಣ್ಣ, ನಾಗಲಕ್ಷ್ಮಿ. ಒಂದೊಂದೇ ಹೆಸರು ಕೂಗಿ, ಒಪ್ಪಿದವರು ಕೈ ಎತ್ತಿ ಅಂದಳು ಶಾಂತಿ. ಚನ್ನಬಸವಯ್ಯನವರಿಗೆ ಇಪ್ಪತ್ತು ಕೈ. ರಾಮಣ್ಣನಿಗೂ ಇಪ್ಪತ್ತು. ನಾಗಲಕ್ಷ್ಮಿಗೂ ಇಪ್ಪತ್ತು. ತಮಗೆ ತಾವೇ ಎತ್ತಿಕೊಳ್ಳಲು ನಾಚಿಕೆ ಆದದ್ದರಿಂದ ಇಪ್ಪತ್ತೊಂದು ಆಗಲಿಲ್ಲ, ಅಷ್ಟೆ.

"ಒಬ್ರಿಗೆ ಒಂದೇ ಓಟು," ಅಂದರು ರಜನೀಶ್.

"ಅದೆಂಗಾಯ್ತದೆ ಸಾ?" ಅಂದರು ಚನ್ನಬಸವಯ್ಯ. "ಮಗ್ಗುಲಾಗೆ ಕುಂತೋನಿಗೆ ಕೈ ಎತ್ನಿಲ್ಲ ಅಂದ್ರೆ, ನಾಳೆ ಅವನ್ ಮಗ್ಗುಲಾಗೆ ಎಂಗ್ ಕುಂತ್ಕಳಾದು?"

ಹಾಗಾದರೆ ಗುಟ್ಟಾಗಿ ಮಾಡೋಣ ಅಂತ ಶಾಂತಿ ಅಡುಗೆಮನೆಯಲ್ಲಿ ಮೂರು ಲೋಟ ಇಟ್ಟಳು. ಒಂದೊಂದಕ್ಕೂ ಒಂದು ಗುರುತು. ಆ ದಿನದ ಸಾರಿಗೆ ನೆನೆಹಾಕಿದ್ದ ಅವರೆಕಾಳನ್ನು ತಲೆಗೆ ಒಂದರಂತೆ ಕೊಟ್ಟು, ಬೇಕಾದವರ ಲೋಟಕ್ಕೆ ಹಾಕಿ ಬನ್ನಿ ಅಂದಳು. ಒಬ್ಬೊಬ್ಬರೇ ಒಳಗೆ ಹೋಗಿ ಬಂದೆವು. ಲೋಟ ಬೋರಲು ಹಾಕಿದರೆ ಇಡೀ ಕಾಳು ಮೂರೇ ಮೂರು. ಮಿಕ್ಕವರೆಲ್ಲ ಕಾಳು ಹಿತುಕಿ, ಒಂದು ಬೇಳೆ ಒಬ್ಬರಿಗೆ, ಇನ್ನೊಂದು ಬೇಳೆ ಇನ್ನೊಬ್ಬರಿಗೆ, ಸಿಪ್ಪೆ ಮೂರನೆಯವರಿಗೆ ಹಾಕಿದ್ದರು. ನಾನೂ ಹಾಗೇ ಮಾಡಿದ್ದೆ. ಯಾರನ್ನೂ ಬಿಡಲು ಮನಸ್ಸಾಗಲಿಲ್ಲ.

ರಜನೀಶ್ ಲೋಟ ನೋಡಿದರು. "ಏನ್ರೀ ಶಾಂತಿ, ಎಲೆಕ್ಷನ್ನೋ ಹಿತುಕಿದಬೇಳೆ ಸಾರೋ?"

ಎಲ್ಲರೂ ನಕ್ಕೆವು. ಶಾಂತಿ ನಗಲಿಲ್ಲ. ಅವರು ಅಂಕ ಹಾಕದೆ, ಏಪ್ರಿಲ್ ಕೊನೆಗೆ ಇನ್ನೊಂದು ಸಲ ಬರುತ್ತೇನೆ, ಅದೇ ಕೊನೆ ಅಂತ ಬರೆದುಕೊಟ್ಟು ಹೋದರು. ಸದಸ್ಯರು ಕೊಟ್ಟ ಎರಡು ವರ್ಷವೂ ಜುಲೈಗೆ ಮುಗಿಯುತ್ತಿತ್ತು.

ಮಾರನೆಯ ದಿನ ನಾನು ಹೇಳಿದೆ: "ಯಾರ್ದೋ ಒಂದು ಎಸ್ರು ಬರ್ಕಂಡು ಓಗವ್ವ. ನಾವು ಊಂ ಅಂತೀವಿ."

"ಬ್ಯಾಡ ಅಜ್ಜಿ. ಅದು ನಾನೇ ಆರ್ಸಿದಂಗೆ ಆಯ್ತದೆ," ಅಂದಳು.

ಎರಡು ವಾರ ಅವಳು ನಮ್ಮನ್ನು ಏನೂ ಕೇಳಲಿಲ್ಲ. ಬರೀ ನೋಡುತ್ತಿದ್ದಳು. ಆಮೇಲೆ ಒಂದು ಮಧ್ಯಾಹ್ನ ರಾಮಣ್ಣನ ಪಕ್ಕ ಬಂದು ಕೂತಳು. ರಾಮಣ್ಣ ಚನ್ನರಾಯಪಟ್ಟಣದ ಕಡೆಯವನು, ದಂಡಿಗನಹಳ್ಳಿಯ ಹತ್ತಿರ ಒಂದು ಕೆರೆಗೆ ಮೂವತ್ತು ವರ್ಷ ನೀರುಗಂಟಿಯಾಗಿದ್ದವನು. ಕೆರೆಯ ತೂಬು ಎತ್ತಿ ಯಾವ ಗದ್ದೆಗೆ ಯಾವಾಗ ನೀರು ಅಂತ ಬಿಡುವುದು ಅವನ ಕೆಲಸ.

"ತಾತ, ದೊಡ್ಡೋರ್ ಗದ್ದೆಗೆ ನೀರು ನಿಲ್ಸುವಾಗ ಅವರು ಜಗಳಕ್ಕೆ ಬರ್ತಿರ್ಲಿಲ್ವಾ?"

"ಯಾಕ್ ಬತ್ತಾರೆ? ನಿಲ್ಸೋನು ನಾನಲ್ಲ ಕಣವ್ವ, ಸರದಿ. ಅವನ ಸರದಿ ಮುಗೀತು, ಇವನ್ದು ಬಂತು. ಸುಮ್ಕೆ ತಿರುಗಿಸ್ಬುಡಾದು."

"ಯಾರಿಂದ ಸುರು?"

"ನೀರು ಕಮ್ಮಿ ಇದ್ದ ವರ್ಸ ಕಡೇ ಗದ್ದೆಯಿಂದ. ತೂಬಿನ್ ಮಗ್ಗುಲ ಗದ್ದೆಯಿಂದ ಸುರು ಮಾಡಿದ್ರೆ ಕಡೆಯವನಿಗೆ ತಲುಪಾಕಿಲ್ಲ."

ಶಾಂತಿ ಅದನ್ನು ಹಾಗೇ ಬರೆದುಕೊಂಡಳು. ಫೆಬ್ರವರಿ ಒಂದರಿಂದ ನಮಗೂ ಸರದಿ ಬಂತು. ಹದಿನೈದು ದಿನಕ್ಕೆ ಒಬ್ಬರು ಅಧ್ಯಕ್ಷರು. ಬಾಗಿಲ ಕಡೆ, ಎಲ್ಲರಿಗಿಂತ ಹಿಂದೆ ಕೂರುವವರಿಂದ ಶುರು. ತನ್ನ ಸರದಿಯಲ್ಲಿ ಬಂದ ಮಾತನ್ನು ತಾನೇ ತೀರಿಸಬೇಕು, ಮುಂದಿನವರಿಗೆ ಉಳಿಸಬಾರದು. ಹಿಂದಿನಿಂದ ಆರನೆಯವಳು ನಾನು. ಏಪ್ರಿಲ್ ಹದಿನಾರರಿಂದ ಮೂವತ್ತು ನನ್ನ ಪಾಲಿಗೆ ಬಿತ್ತು.

ರಜನೀಶ್ ಬಂದದ್ದು ಇಪ್ಪತ್ತನಾಲ್ಕಕ್ಕೆ. ಆವತ್ತು ಬಾಕಿ ಇದ್ದ ಮಾತು ಒಂದೇ. ನಮಗೆ ಮಲಗಲು ಆರು ಮಂಚ. ಬಚ್ಚಲಿಗೆ ಹತ್ತಿರದ ಮಂಚ ಮೊದಲಿನಿಂದಲೂ ಚನ್ನಬಸವಯ್ಯನವರದು. ಜಮೀನ್ದಾರರ ಮನೆಯವರು, ವಯಸ್ಸಿಗೂ ಹಿರಿಯರು. ನಾಗಲಕ್ಷ್ಮಿಗೆ ಮಂಡಿ ಕೆಟ್ಟಿತ್ತು. ಆಚೆ ಮೂಲೆಯ ಕಿಟಕಿ ಕಡೆಯ ತನ್ನ ಮಂಚದಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ಎರಡು ಸಲ ಬಿದ್ದಿದ್ದಳು. ಅದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ.

ಶಾಂತಿ ಗೋಡೆಗೆ ಒರಗಿ ನಿಂತಿದ್ದಳು. ಅವಳು ಒಂದು ಮಾತಾಡಿದರೂ ಪರೀಕ್ಷೆ ಹೋಯಿತು. ರಿಜಿಸ್ಟರನ್ನು ಎದೆಗೆ ಅವುಚಿಕೊಂಡು ನೆಲ ನೋಡುತ್ತಿದ್ದಳು. ಸರದಿ ನನ್ನದು. ಹೇಳಿಬಿಟ್ಟೆ.

"ಚನ್ನಬಸವಯ್ಯನೋರೇ, ಆ ಮಂಚ ನಾಗಲಕ್ಷ್ಮಿಗೆ ಬುಡ್ಬೇಕು."

"ಒಂಬತ್ ವರ್ಸದಿಂದ ಮಲ್ಗಿರೋ ಮಂಚ ಕಣಮ್ಮ ಅದು."

"ಗೊತ್ತು. ಬುಡಿ."

"ನೀನ್ಯಾರು ಏಳಾಕೆ?"

"ಮೂವತ್ತನೇ ತಾರೀಕಿನ್ ಗಂಟ ನಾನೇ. ಆಮ್ಯಾಕೆ ನನ್ ಮಾತು ಕೇಳಾದ್ ಬ್ಯಾಡ."

ರಾಮಣ್ಣ ನಕ್ಕುಬಿಟ್ಟ. ಚನ್ನಬಸವಯ್ಯನವರು ಎದ್ದು, ತಮ್ಮ ದಿಂಬು ಮತ್ತು ಹೊದಿಕೆ ತಾವೇ ಎತ್ತಿಕೊಂಡು ಕಿಟಕಿಯ ಕಡೆಯ ಮಂಚಕ್ಕೆ ಹೋದರು. ನನ್ನ ಜೊತೆ ಹನ್ನೊಂದು ದಿನ ಮಾತಾಡಲಿಲ್ಲ. ಹನ್ನೆರಡನೆಯ ದಿನ ಕಿಟಕಿ ಹತ್ತಿರ ಗಾಳಿ ಚೆನ್ನಾಗಿದೆ ಅಂದರು.

ರಜನೀಶ್ ಅಷ್ಟು ಸುಲಭದವರಲ್ಲ. ಫಾರಂನಲ್ಲಿ ಅಧ್ಯಕ್ಷರಿಗೆ ಒಂದೇ ಹೆಸರಿಗೆ ಜಾಗ ಇದೆ, ಇಪ್ಪತ್ತೊಂದು ಹೆಸರಿಗೆ ಇಲ್ಲ, ಇದು ಪುಸ್ತಕದಲ್ಲಿ ಇರುವ ಕ್ರಮವೂ ಅಲ್ಲ ಅಂದರು. ಶಾಂತಿ ವಾದ ಮಾಡಲಿಲ್ಲ. ಮೂರು ತಿಂಗಳ ರಿಜಿಸ್ಟರ್ ಕೊಟ್ಟಳು. ಯಾರ ಸರದಿಯಲ್ಲಿ ಯಾವ ಮಾತು ಬಂತು, ಏನು ತೀರ್ಮಾನ ಆಯಿತು, ಯಾರಿಗೆ ಬೇಸರ ಆಯಿತು, ಎಲ್ಲ ಇತ್ತು. ಮೊದಲ ಪುಟದಲ್ಲಿ ಅವರೆಕಾಳಿನ ವಿಷಯವನ್ನೂ ಮುಚ್ಚಿಡದೆ ಬರೆದಿದ್ದಳು. ಅವರು ಅದನ್ನು ಕೂತು ಪೂರ್ತಿ ಓದಿದರು. ಮಜ್ಜಿಗೆ ಕೊಟ್ಟೆವು, ಕುಡಿದು ಹೋದರು.

ಜೂನ್ ಇಪ್ಪತ್ತಕ್ಕೆ ಅಂಕ ಬಂತು. ನಾಯಕತ್ವಕ್ಕೆ ನೂರಕ್ಕೆ ಐವತ್ಮೂರು. ಮಿಕ್ಕ ಎಲ್ಲದರಲ್ಲೂ ಅವಳಿಗೆ ಅರವತ್ತರ ಮೇಲೆ. ಆದರೂ ಪಾಸು ಪಾಸೇ. ಹುಚ್ಚಯ್ಯನವರು ಹೊಳೆನರಸೀಪುರದಿಂದ ಮೈಸೂರುಪಾಕ್ ತಂದು ನಮಗೆಲ್ಲ ತಾವೇ ಹಂಚಿದರು. ಸಕ್ಕರೆ ಕಾಯಿಲೆಯ ಏಳು ಜನಕ್ಕೆ ಅರ್ಧರ್ಧ. ಜುಲೈಯಲ್ಲಿ ಸದಸ್ಯರು ಅವಳನ್ನು ಮುಖ್ಯಸ್ಥೆ ಮಾಡಿದರು.

ಮೊನ್ನೆ ಗುರುವಾರ ಎಲ್ಲರೂ ಮನೆಗೆ ಹೊರಟಿದ್ದರು. ನಾನು ಚಪ್ಪಲಿ ಹುಡುಕುತ್ತಿದ್ದೆ. ಶಾಂತಿ ಬಂದು ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತಳು.

"ಅಜ್ಜಿ, ಇನ್ಮ್ಯಾಲೆ ನನ್ನ ಮ್ಯಾಲೆ ಇಲ್ಲಿ ಯಾರೂ ಇಲ್ಲ. ಸರದಿ ಬಂದೋರು ಒಬ್ರಿಗೊಬ್ರು ತಪ್ಪು ಏಳ್ಕಂತೀರಿ, ನನ್ನ ಮಾತು ಬಂದ್ರೆ ಮಾತ್ರ ಎಲ್ರೂ ಚೆನ್ನಾಗೈತೆ ಅಂತೀರಿ. ಈ ಹತ್ತು ವರ್ಸದಾಗೆ ನಾನ್ ಮಾಡಿದ್ರಲ್ಲಿ ನಿಮಗೆ ಸರಿ ಬರ್ದೇ ಇರೋದು ಯಾವ್ದು?"