ಜೋಡಿ ಡ್ರೈವ್‌ನಲ್ಲಿದ್ದ ಶಾಂತವ್ವನ ದನಿ

ಹೋದ ವರ್ಷ ಮದುವೆ ಸೀಜನ್ ಮುಗಿದು ಮಳೆ ಹಿಡಿದಿದ್ದ ಹೊತ್ತಿನಲ್ಲಿ ನಡೆದದ್ದು ಇದು. ಹಳಿಯಾಳದಲ್ಲಿ ನಮ್ಮದೊಂದು ಸಣ್ಣ ವಿಡಿಯೊ ಸ್ಟುಡಿಯೊ ಇದೆ. ನಮ್ಮ ಮನೆಯವರು ಕ್ಯಾಮೆರಾ ಹಿಡಿಯುತ್ತಾರೆ, ಎಡಿಟಿಂಗ್ ನನ್ನದು.

ಅದಕ್ಕೂ ಮೂರು-ನಾಲ್ಕು ವರ್ಷ ಮೊದಲು ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡ್ರೈವ್ ಹಾಕಿಸುವಾಗ ಒಂದರ ಬದಲು ಎರಡು ಕೊಂಡಿದ್ದೆವು. ಎರಡನ್ನೂ ರೇಡ್ ಎಂಬ ವ್ಯವಸ್ಥೆಯಲ್ಲಿ ಜೋಡಿಸಿದರೆ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಆಗಲೇ ಬರೆದಿರುತ್ತದೆ. ಒಂದು ಕೈಕೊಟ್ಟರೂ ಕೆಲಸ ನಿಲ್ಲುವುದಿಲ್ಲ. ಎರಡಕ್ಕೂ ಅರ್ಧರ್ಧ ಹಂಚಿ ಬರೆಸಿದರೆ ವೇಗ ಇನ್ನೂ ಹೆಚ್ಚು, ಆದರೆ ಒಂದು ಹೋದರೆ ಎರಡೂ ಹೋದಂತೆ. ಆ ವೇಗ ಬೇಡವೆಂದವಳು ನಾನೇ. ಈ ಜಾಣತನಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಕೊಳ್ಳುವಾಗ ಮಾವನೂ ಜೊತೆಗಿದ್ದರು. ಅವರು ರೈತರು, ಎತ್ತಿನ ಪೇಟೆಯಲ್ಲಿ ಅವರ ಕಣ್ಣು ತಪ್ಪಿಸಿ ಯಾರೂ ವ್ಯಾಪಾರ ಮಾಡಲಾರರು. "ಜೋಡಿ ಅಂದಮ್ಯಾಲ ಹಲ್ಲು, ಎತ್ತರ, ಬಣ್ಣ ಎಲ್ಲಾ ಒಂದ ನಮೂನಿ ಇರಬೇಕವಾ" ಎಂದರು. ನಮಗೂ ಸರಿ ಎನಿಸಿತು. ಒಂದೇ ಕಂಪನಿಯ, ಒಂದೇ ದಿನ ಅಂಗಡಿಗೆ ಬಂದಿದ್ದ ಎರಡನ್ನು ಆರಿಸಿ ತಂದು, ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿದೆವು.

ಹೋದ ವರ್ಷದ ಸೀಜನ್ನಿನಲ್ಲಿ ಮುಂಡಗೋಡ ತಾಲ್ಲೂಕಿನ ಅತ್ತಿವೇರಿಯಲ್ಲಿ ಸವಿತಾ ಎಂಬ ಹುಡುಗಿಯ ಮದುವೆಗೆ ಹೋಗಿದ್ದೆವು. ಅರಿಷಿಣದ ದಿನ ಅವಳ ತಾಯಿ ಶಾಂತವ್ವ ಸೋಬಾನ ಪದ ಹಾಡಿದರು. ಹಾಡು ಮುಗಿದದ್ದೇ ತಡ, ಹೆಂಗಸರೆಲ್ಲ ಸುತ್ತುವರಿದು ಗಂಡನ ಹೆಸರು ಹೇಳಬೇಕೆಂದು ಹಟ ಹಿಡಿದರು. ನಮ್ಮ ಕಡೆ ಗಂಡನ ಹೆಸರನ್ನು ಬರಿದೇ ಹೇಳುವ ಹಾಗಿಲ್ಲ, ಒಡಪು ಕಟ್ಟಿ ಅದರೊಳಗೆ ಹೇಳಬೇಕು. ಶಾಂತವ್ವ ಒಲ್ಲೆ ಒಲ್ಲೆ ಎನ್ನುತ್ತಲೇ ಸೆರಗು ಬಾಯಿಗಿಟ್ಟುಕೊಂಡು ಒಂದು ಚೆಂದದ ಒಡಪು ಹಾಕಿ, ಕೊನೆಗೆ ಬಸಪ್ಪ ಎಂದರು. ಪಡಸಾಲೆ ನಗೆಯಲ್ಲಿ ಮುಳುಗಿತು. ಬಸಪ್ಪನವರು ಮಾತ್ರ ಹಿತ್ತಲಲ್ಲಿ ಅಡುಗೆಯವರ ಬೆನ್ನು ಹತ್ತಿದ್ದರು.

ಮದುವೆಯ ಮರುದಿನವೇ ದಾಂಡೇಲಿಯಲ್ಲೊಂದು ಗೃಹಪ್ರವೇಶ ಒಪ್ಪಿಕೊಂಡಿದ್ದೆವು. ಎಲ್ಲವನ್ನೂ ಡ್ರೈವಿಗೆ ಸುರಿದು ಮೆಮೊರಿ ಕಾರ್ಡ್ ಅಳಿಸಿಕೊಂಡು ಹೊರಟೆವು. ಜೋಡಿ ಇದೆಯಲ್ಲ ಎಂಬ ಧೈರ್ಯ.

ಮಳೆಗಾಲದಲ್ಲಿ ಉಳಿದವರ ವಿಡಿಯೊಗಳೆಲ್ಲ ಮನೆ ಮುಟ್ಟಿ, ಸವಿತಾಳದೊಂದೇ ಬಾಕಿಯಿತ್ತು. ಒಂದು ಸಂಜೆ ಅವಳ ಫೋನು ಬಂತು. ಅವ್ವನಿಗೆ ಲಕ್ವ ಹೊಡೆದಿದೆ, ಜೀವಕ್ಕೇನೂ ಇಲ್ಲ, ಆದರೆ ಮಾತು ನಿಂತಿದೆ ಎಂದಳು. "ಉಳಿದದ್ದು ಯಾವಾಗರ ಕೊಡ್ರಿ ಅಕ್ಕಾರ. ಅವ್ವ ಮಾತಾಡಿದ್ದಷ್ಟು ಮೊದಲ ಕೊಡ್ರಿ."

ಮರುದಿನ ಬೆಳಿಗ್ಗೆ ಅದನ್ನೇ ತೆಗೆಯೋಣವೆಂದು ಕಂಪ್ಯೂಟರ್ ಹಚ್ಚಿದರೆ, ಜೋಡಿಯಲ್ಲಿ ಒಂದು ಕೆಟ್ಟಿದೆ ಎಂಬ ಸೂಚನೆ! ನಮ್ಮ ಮನೆಯವರು ಗಾಬರಿಯಾಗಲಿಲ್ಲ. ಅಂಥದ್ದೇ ಹೊಸದೊಂದು ತಂದು ಕೂಡಿಸಿದರಾಯಿತು ಎಂದು ಹೊರಡಲು ಚಪ್ಪಲಿ ಮೆಟ್ಟಿದರು. ನನಗೇಕೋ ಸಮಾಧಾನವಾಗದೆ ಹುಬ್ಬಳ್ಳಿಯ ಒಂದು ರಿಪೇರಿ ಅಂಗಡಿಗೆ ಫೋನ್ ಮಾಡಿದೆ. ಪರಿಚಯವೇ ಇಲ್ಲದ ಆ ಮನುಷ್ಯ ಪೂರ್ತಿ ಕೇಳಿಸಿಕೊಂಡು, ಎರಡನ್ನೂ ಒಟ್ಟಿಗೇ ಕೊಂಡಿದ್ದಿರಾ ಎಂದು ವಿಚಾರಿಸಿದರು. ಹೌದೆಂದೆ.

"ಹಂಗಾದ್ರ ಇದಕ್ಕಾದಷ್ಟು ವಯಸ್ಸು ಅದಕ್ಕೂ ಆಗೇತ್ರಿ. ಎರಡರ ಮ್ಯಾಲೂ ಅಷ್ಟ ಬರದೀರಿ, ಎರಡೂ ಅಷ್ಟ ಸವದಾವ. ಈಗ ಹೊಸದು ಕೂಡಸಾಕ ಹೋಗಬ್ಯಾಡ್ರಿ, ಎಲ್ಲಾ ಅದಕ್ಕ ನಕಲು ಆಗೂತನಕ ಉಳದದ್ದರ ಮ್ಯಾಲ ಭಾರ ಬೀಳತೈತಿ. ಬಿಟ್ಟಿರಾಕ ಆಗದ್ದು ಯಾವುದೈತಿ, ಅದನ್ನ ಮೊದಲ ಹೊರಗ ತಗೀರಿ" ಎಂದರು.

ಬೇರೊಂದು ಹಾರ್ಡ್ ಡಿಸ್ಕ್ ಚುಚ್ಚಿದ್ದಾಯಿತು, ಆದರೆ ಮೊದಲು ಯಾವುದನ್ನು ತೆಗೆಯಬೇಕು ಎಂದು ಗಂಡ ಹೆಂಡತಿಗೆ ಜಗಳ ಹತ್ತಿತು. ಅಕ್ಕಿಕಾಳು ಬೀಳುವ ಮುಹೂರ್ತವೇ ಇಲ್ಲದ ವಿಡಿಯೊ ಕೊಟ್ಟರೆ ಜನ ಮುಖಕ್ಕೆ ಉಗಿಯುತ್ತಾರೆ, ಅದೇ ಮೊದಲು ಎಂದು ಅವರು. ಅರಿಷಿಣವೇ ಮೊದಲು ಎಂದು ನಾನು.

"ಅಕ್ಕಿಕಾಳು ಮಂಟಪದಾಗ ಇದ್ದವರೆಲ್ಲಾ ಮೊಬೈಲಿನ್ಯಾಗ ಹಿಡದಾರ" ಎಂದೆ. "ಅರಿಷಿಣದಾಗ ಯಾರ ಕೈಯಾಗ ಮೊಬೈಲ್ ಇತ್ತು? ಎಲ್ಲಾರ ಕೈನೂ ಅರಿಷಿಣ ಆಗಿತ್ತು."

ಅವರು ನನ್ನ ಮುಖ ನೋಡಿದರು. ಮೌಸ್ ನನ್ನ ಕಡೆ ಸರಿಸಿದರು.

ಅರಿಷಿಣ ಪೂರ್ತಿ ಬಂತು. ಅಕ್ಕಿಕಾಳೂ ಬಂತು. ಉಡುಗೊರೆ ಕೊಡುವವರ ಸಾಲು ಅರ್ಧಕ್ಕೆ ಬಂದಾಗ ಎರಡನೆಯ ಡ್ರೈವೂ ಪರದೆಯಿಂದ ಮಾಯವಾಯಿತು. ಹಳೆಯ ಹಾರ್ಡ್ ಡಿಸ್ಕ್ ಕೆಡುವ ಮೊದಲು ಕಟಕಟ ಎಂದು ಎಚ್ಚರಿಸುತ್ತಿತ್ತು. ಇದು ಸದ್ದಿಲ್ಲದೆ ಹೋಯಿತು. ನಾನು ಕುರ್ಚಿಯಲ್ಲೇ ಕೂತು ಅತ್ತುಬಿಟ್ಟೆ, ದುಃಖಕ್ಕಲ್ಲ.

ಉಡುಗೊರೆಯ ಉಳಿದರ್ಧ ಸಿಗಲೇ ಇಲ್ಲ. ಅದಕ್ಕೆ ಬೇಜಾರಾದದ್ದು ಸವಿತಾಳ ಸೋದರಮಾವ ಒಬ್ಬರಿಗೇ. ಅವರು ಫ್ರಿಜ್ ಕೊಟ್ಟಿದ್ದರು. ಕೊನೆಗೆ ಅವರಿಗೆ ಮದುವೆಯ ದಿನದ ಅದೇ ಕೋಟು ಹಾಕಿಸಿ, ಸವಿತಾಳ ಗಂಡನ ಮನೆಯ ಅಡುಗೆಮನೆಯಲ್ಲಿ ಫ್ರಿಜ್ಜಿನ ಪಕ್ಕ ನಿಲ್ಲಿಸಿ ಮತ್ತೆ ತೆಗೆದೆವು. ಒಳಗಿನ ಹಾಲು ಮೊಸರನ್ನೂ ತೋರಿಸಬೇಕೆಂದು ಅವರೇ ಬಾಗಿಲು ತೆಗೆದರು.

ಈಗಲೂ ನಮ್ಮಲ್ಲಿ ಎಸ್‌ಎಸ್‌ಡಿ ಜೋಡಿಯೇ ಇದೆ, ಆದರೆ ಬೇರೆ ಬೇರೆ ಕಂಪನಿಯವು, ಬೇರೆ ಬೇರೆ ಕಾಲಕ್ಕೆ ಕೊಂಡವು. ಜೋಡಿ ಇರುವುದು ಕೆಲಸ ನಿಲ್ಲದಿರಲಿ ಎಂದಷ್ಟೇ. ಇನ್ನೊಂದು ಕಾಪಿ ದಾಂಡೇಲಿಯ ನನ್ನ ತವರುಮನೆಯ ಟ್ರೆಜರಿ ಬೀರುವಿನಲ್ಲಿದೆ. ಹೊಸ ಕೆಲಸದ ಕಾಪಿ ಅಲ್ಲಿಗೆ ತಲುಪುವವರೆಗೆ ಮೆಮೊರಿ ಕಾರ್ಡ್ ಮುಟ್ಟಲು ನಾನು ಬಿಡುವುದಿಲ್ಲ. ಇಂಥ ಜೋಡಿ ಹೂಡಿದರೆ ನೇಗಿಲು ಸೊಟ್ಟ ಹೋಗುತ್ತದೆ ಎಂದು ಮಾವ ಇನ್ನೂ ನಗುತ್ತಾರೆ.

ಅರಿಷಿಣದ ವಿಡಿಯೊ ಕೊಡಲು ನಾವಿಬ್ಬರೂ ಅತ್ತಿವೇರಿಗೆ ಹೋದೆವು. ಶಾಂತವ್ವನನ್ನು ದಿಂಬಿಗೆ ಆನಿಸಿ ಟಿವಿಯ ಎದುರು ಕೂಡಿಸಿದ್ದರು. ಬಸಪ್ಪನವರು ಕೊಟ್ಟಿಗೆಯಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದರು. ಹಾಡು ಕೇಳಿದ್ದೇ ಕೈಯಲ್ಲಿ ಹುಲ್ಲು ಹಿಡಿದೇ ಬಂದು ಹೊಸ್ತಿಲಲ್ಲಿ ನಿಂತರು. ಒಡಪು ಬಂತು, ಕೊನೆಗೆ ಅವರ ಹೆಸರೂ ಬಂತು. ಶಾಂತವ್ವ ಸ್ವಾಧೀನವಿದ್ದ ಕೈಯಿಂದ ಸೆರಗೆಳೆದು ಬಾಯಿ ಮುಚ್ಚಿಕೊಂಡರು, ಕಣ್ಣು ಮಾತ್ರ ನಗುತ್ತಿತ್ತು.

ಬಸಪ್ಪನವರು ನನ್ನ ಕಡೆ ನೋಡದೆಯೇ ಹೇಳಿದರು: "ಇನ್ನೊಮ್ಮೆ ಹಚ್ಚು ತಂಗಿ."

ಹಚ್ಚಿದೆ. ಎಷ್ಟು ಸಲ ಹಚ್ಚಿದೆನೋ ಲೆಕ್ಕವಿಲ್ಲ. ಈಗಲೂ ಯಾರದೇ ಅರಿಷಿಣದ ವಿಡಿಯೊ ಎಡಿಟ್ ಮಾಡುವಾಗ ಒಡಪು ಬಂದರೆ, ಅದರ ಒಂದಕ್ಷರವನ್ನೂ ಕತ್ತರಿಸಲು ನನಗೆ ಮನಸ್ಸು ಬರುವುದಿಲ್ಲ.