ಹಗ್ಗದಕ್ಕ ನಿಂತು ಕೇಳಿದ್ದು

ಹಗ್ಗದಕ್ಕನಿಗೆ ಒಂದು ಕಡೆ ಕೂರುವುದೆಂದರೆ ಮೈಮೇಲೆ ಇರುವೆ ಬಿಟ್ಟುಕೊಂಡಂತೆ. ಊಟಕ್ಕೆ ಕೂತರೆ ಎರಡು ತುತ್ತಿಗೊಮ್ಮೆ ಎದ್ದು ಹೋಗಿ ನಲ್ಲಿ ನಿಂತಿದೆಯೋ ಇಲ್ಲವೋ ನೋಡಿ ಬರುತ್ತಿದ್ದಳು. ಬಸ್ಸಿಗೆ ಕಾಯುವಾಗ ನಿಲ್ದಾಣದ ಈ ಕಂಬದಿಂದ ಆ ಕಂಬಕ್ಕೆ ಹೆಜ್ಜೆ ಅಳೆಯುತ್ತಿದ್ದಳು. "ಇವಳ ಕಾಲಿಗೆ ಚಕ್ರ ಕಟ್ಟಿದ ದೇವರು ಬ್ರೇಕ್ ಹಾಕೋದನ್ನ ಮರೆತುಬಿಟ್ಟಿದ್ದಾನೆ" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಗಡಿಯಾರ ರಿಪೇರಿ ಮಾಡುವ ಅವರ ಮಗ ಬೆಳಿಗ್ಗೆ ಮೇಜಿನ ಮುಂದೆ ಕೂತರೆ ಸಂಜೆಯವರೆಗೆ ಅಲುಗಾಡುವವನಲ್ಲ. ಗಂಡ ಹೆಂಡತಿ ಇಬ್ಬರನ್ನೂ ಕಲಸಿ ಸಮನಾಗಿ ಎರಡು ಪಾಲು ಮಾಡಿದ್ದರೆ ಸಂಸಾರ ಹದವಾಗಿರುತ್ತಿತ್ತು ಎಂಬುದು ಆ ಮುದುಕಿಯ ಅಭಿಪ್ರಾಯ.

ಹತ್ತೊಂಬತ್ತು ವರ್ಷ ಅವಳು ಎತ್ತರದ ಕಟ್ಟಡಗಳ ಹೊರಗೆ ಹಗ್ಗಕ್ಕೆ ಜೋತುಬಿದ್ದು ಗಾಜು ಒರೆಸಿದವಳು. ಹೆಸರು ಬಂದದ್ದು ಅಲ್ಲಿಂದಲೇ. ಹದಿನೈದನೇ ಮಹಡಿಯಲ್ಲಿ ಗಾಳಿ ಬೀಸುವಾಗ ಕೈ, ಕಣ್ಣು, ಕಾಲು ಎಲ್ಲಕ್ಕೂ ಕೆಲಸವಿರುತ್ತಿತ್ತು, ಆಗ ಮಾತ್ರ ಒಳಗಿನ ಚಡಪಡಿಕೆ ತೆಪ್ಪಗಿರುತ್ತಿತ್ತು. ನಂತರ ಬಲಗಡೆಯ ಭುಜ ಕೈಕೊಟ್ಟಿತು. "ತೋಳು ಬೇಕೋ, ಹಗ್ಗ ಬೇಕೋ, ಒಂದು ಹೇಳಿ" ಎಂದರು ಡಾಕ್ಟರು. ಕೆಳಗಿಳಿದು ಬಂದವಳು ಎಂಟು ತಿಂಗಳು ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆಯೊಳಗೆ ತಿರುಗಿದಳು. ಒರೆಸಿದ ಕಿಟಕಿಯನ್ನೇ ಒರೆಸಿದಳು.

ನಾದಿನಿಗೆ ಶಾಲೆಯ ಆಫೀಸಿನಲ್ಲಿ ಕೆಲಸ. ಒಂದು ದಿನ ಅವಳೇ ಸುದ್ದಿ ತಂದಳು.

"ಅತ್ತಿಗೆ, ನಮ್ಮ ದೊಡ್ಡ ಮೇಡಂ ಎಲೆ ಉದುರೋ ಕಾಲ ಮುಗಿಯೋವರೆಗೂ ಮಕ್ಕಳನ್ನ ಹೊರಗೆ ಕರ್ಕೊಂಡು ಹೋಗ್ಬೇಕು ಅಂತಿದ್ದಾರೆ. ಗಂಟು ಹಾಕೋಕೆ, ದಿಕ್ಕು ನೋಡೋಕೆ, ಬೆಂಕಿ ಹಚ್ಚೋಕೆ, ಸರಿಯಾಗಿ ಉಸಿರಾಡೋಕೆ ಕಲಿಸೋರು ಬೇಕಂತೆ."

"ಉಸಿರಾಡೋದನ್ನೂ ಕಲಿಸ್ಬೇಕಾ?"

"ಈಗಿನ ಮಕ್ಕಳಿಗೆ ಅದೂ ಬೇಕಂತೆ. ಫೋನ್ ನೋಡಿ ನೋಡಿ ತಲೆನೋವು ಅಂತಾವೆ, ನಿದ್ದೆ ಬರಲ್ಲ ಅಂತಾವೆ. ನೀನು ಹೂಂ ಅನ್ನು, ಮನೆ ಕಿಟಕಿಗಾದ್ರೂ ಬಿಡುವು ಸಿಗಲಿ."

ಬುಧವಾರ, ಶನಿವಾರ ಎರಡೆರಡು ಗಂಟೆ. ಒಂಬತ್ತು ವರ್ಷದ ಇಪ್ಪತ್ಮೂರು ಮಕ್ಕಳು. ಶಾಲೆಯ ಹಿಂದಿನ ಇಳಿಜಾರಿನಲ್ಲಿ ಮರಗಳ ತೋಪು, ಅದರ ಬುಡದಲ್ಲಿ ಒಂದು ತೊರೆ. ನೆಲದ ಮೇಲೆ ಪಾದ ಮುಳುಗುವಷ್ಟು ತರಗೆಲೆ. ಹಗ್ಗದಕ್ಕ ಎರಡು ಮರಗಳ ನಡುವೆ ಸೊಂಟದೆತ್ತರಕ್ಕೆ ಉದ್ದನೆಯ ಹಗ್ಗ ಬಿಗಿದಳು. ಬಂದಾಗ, ಹೋಗುವಾಗ ಎಲ್ಲರೂ ಅದನ್ನು ಹಿಡಿದು ಸಾಲಾಗಿ ನಿಲ್ಲಬೇಕು, ತಲೆ ಎಣಿಸಬೇಕು. ಜಾರದ ಗಂಟು, ಎಳೆದರೆ ಬಿಚ್ಚುವ ಗಂಟು, ಟಾರ್ಪಾಲಿನ ಗುಡಾರ, ಒಣ ಕಡ್ಡಿಯನ್ನು ಮುರಿದ ಸದ್ದಿನಿಂದಲೇ ಗುರುತಿಸುವುದು, ಒಂದೊಂದನ್ನೇ ಕಲಿಸಿದಳು. ಮಕ್ಕಳ ಕೆನ್ನೆ ಕೆಂಪಗಾದವು, ಮೊಣಕಾಲು ತರಚಿದವು, ಹಸಿವು ಹೆಚ್ಚಿತು. ಡಬ್ಬಿಯಲ್ಲಿ ಊಟ ಉಳಿಯುವುದು ನಿಂತಿದೆ ಎಂದು ತಾಯಂದಿರು ಹೇಳಿಕಳಿಸಿದರು.

ದೊಡ್ಡ ಮೇಡಂ ಬರೆದುಕೊಟ್ಟ ಪಟ್ಟಿಯ ಕೊನೆಯ ಸಾಲು ಮಾತ್ರ ಅವಳಿಗೆ ಗಂಟಲ ಮುಳ್ಳು. ಪ್ರತಿಯೊಂದು ಮಗುವೂ ತನಗೆ ಬೇಕಾದ ಮರ ಆರಿಸಿಕೊಂಡು, ಅದಕ್ಕೆ ಒರಗಿ, ಹತ್ತು ನಿಮಿಷ ಸುಮ್ಮನೆ ಕೂರಬೇಕು. ಕೇಳಬೇಕು, ನೋಡಬೇಕು, ಅಷ್ಟೇ. ಮಕ್ಕಳು ಕೂರುತ್ತಿದ್ದರು. ಕಲಿಸುವವಳು ಮಾತ್ರ ಚರಪರ ಎಂದು ಎಲೆ ತುಳಿಯುತ್ತ ಮರದಿಂದ ಮರಕ್ಕೆ ಸುತ್ತುತ್ತಿದ್ದಳು.

"ಅಕ್ಕಾ, ನೀವು ಓಡಾಡ್ತಾ ಇದ್ರೆ ಹಕ್ಕಿ ಬರಲ್ಲ" ಎಂದು ಒಬ್ಬಳು ಗದರಿಸಿದಳು. ಬಾಯಿ ಮುಚ್ಚದ ಹುಡುಗಿ, ಅವಳಿಗೆ ಪಟಪಟ ಎಂದೇ ಹೆಸರು.

"ನೀವೆಲ್ಲ ಸರಿಯಾಗಿದ್ದೀರಾ ಅಂತ ನೋಡ್ಬೇಡ್ವಾ?"

"ಸರಿಯಾಗೇ ಇದ್ದೀವಿ. ನೀವೇ ಸರಿಯಿಲ್ಲ."

ದಾರಿ ತಪ್ಪಿದರೆ ಏನು ಮಾಡಬೇಕೆಂಬುದನ್ನು ಪ್ರತಿ ಸಲವೂ ಬಾಯಿಪಾಠ ಮಾಡಿಸುತ್ತಿದ್ದಳು. "ಹತ್ತಿರದ ಮರ ಹಿಡ್ಕೊಂಡು ನಿಲ್ಬೇಕು!" ಎಂದು ಮಕ್ಕಳು ಕೂಗುತ್ತಿದ್ದವು. "ಓಡಿದ್ರೆ?" "ಇನ್ನೂ ತಪ್ಪುತ್ತೆ!" ತಾನಾಗಿದ್ದರೆ ಖಂಡಿತ ಓಡುತ್ತಿದ್ದೆ ಎಂಬುದು ಅವಳಿಗೆ ಗೊತ್ತಿತ್ತು, ಆದರೆ ಅದನ್ನು ಮಕ್ಕಳಿಗೆ ಹೇಳುವಂತಿರಲಿಲ್ಲ.

ನಾಲ್ಕನೇ ಶನಿವಾರ ಹೊರಟಾಗ ಬಿಸಿಲಿತ್ತು. ಮಕ್ಕಳು ಮರಗಳಿಗೆ ಒರಗಿ ಕೂತು ಐದು ನಿಮಿಷವಾಗಿರಬಹುದು, ತೊರೆಯ ಕಡೆಯಿಂದ ಮಂಜು ಮೇಲೆದ್ದಿತು. ನೋಡನೋಡುತ್ತ ಹತ್ತು ಮಾರು ಆಚೆಯ ಮರಗಳು ಕಾಣದಾದವು. ಹಗ್ಗದಕ್ಕ ಸೀಟಿ ಊದಿದಳು. ಬಿಳಿಯೊಳಗಿಂದ ಒಬ್ಬೊಬ್ಬರಾಗಿ ಮಕ್ಕಳು ಬಂದು ಹಗ್ಗ ಹಿಡಿದವು. ಎಣಿಸಿದಳು: ಇಪ್ಪತ್ತೆರಡು. ಜೊತೆಗಿದ್ದ ಆಟದ ಮೇಷ್ಟ್ರು ಎಣಿಸಿದರು: ಇಪ್ಪತ್ತೆರಡು.

"ಪಿಸು ಇಲ್ಲ" ಎಂದಳು ಪಟಪಟ.

ಪಿಸು ಬಸ್ ಡ್ರೈವರನ ಮಗಳು. ಅವಳ ಮಾತೆಲ್ಲ ಪಿಸುಮಾತು. ಹಾಜರಿ ಕರೆಯುವಾಗ ಮೇಷ್ಟ್ರುಗಳು ಅವಳ ತುಟಿ ಅಲುಗಿತೇ ಎಂದು ನೋಡಿ ಗುರುತು ಹಾಕಿಕೊಳ್ಳುತ್ತಿದ್ದರು.

"ನೀವು ಇವರನ್ನ ನೋಡ್ಕೊಳ್ಳಿ" ಎಂದವಳೇ ಹಗ್ಗದಕ್ಕ ಓಡಿದಳು. ಆ ಮಗು ಮೊದಲು ಕೂತಿದ್ದ ಮರದ ಬುಡದಲ್ಲಿ ಯಾರೂ ಇರಲಿಲ್ಲ. ಎಡಕ್ಕೆ ಓಡಿದಳು, ಬಲಕ್ಕೆ ಓಡಿದಳು, "ಪಿಸೂ! ಪಿಸೂ!" ಎಂದು ಗಂಟಲು ಹರಿಯುವ ಹಾಗೆ ಕೂಗಿದಳು. ಇಳಿಜಾರಿನಲ್ಲಿ ಜಾರಿ, ನೋವಿದ್ದ ಭುಜವನ್ನೇ ಮರಕ್ಕೆ ಬಡಿಸಿಕೊಂಡು ತೊರೆಯ ಅಂಚಿಗೆ ಬಂದಳು. ಮೊಣಕಾಲುದ್ದದ ನೀರು. ಮೊಣಕಾಲುದ್ದ ಯಾರಿಗೆ? ದಡದುದ್ದಕ್ಕೂ ಬಾಗಿ ನೋಡಿದಳು, ಕೈ ಹಾಕಿ ನೋಡಿದಳು. ಎಲೆ, ಕಲ್ಲು, ಮತ್ತೆ ಎಲೆ. ಏದುಸಿರು ಬಿಡುತ್ತ ಹಗ್ಗದ ಬಳಿಗೆ ಬಂದವಳು ಇನ್ನೊಂದು ದಿಕ್ಕಿಗೆ ಹೊರಟಿದ್ದಳು, ಪಟಪಟ ಅವಳ ಕೋಟು ಹಿಡಿದೆಳೆದಳು.

"ಅಕ್ಕಾ, ಅವಳು ಓ ಅಂದ್ರೂ ನಿಮಗೆ ಕೇಳಲ್ಲ. ಅವಳಿಗೆ ಜೋರಾಗಿ ಕೂಗೋಕೆ ಬರಲ್ಲ. ಕ್ಲಾಸಲ್ಲಿ ಅವಳು ಹೇಳಿದ್ದನ್ನ ನಾನೇ ಎಲ್ರಿಗೂ ಹೇಳೋದು."

ಹಗ್ಗದಕ್ಕನಿಗೆ ಕೆನ್ನೆಗೆ ಹೊಡೆದಂತಾಯಿತು. ಇಷ್ಟು ಹೊತ್ತು ತಾನು ಕೂಗಿದ್ದನ್ನೂ ತುಳಿದ ಎಲೆಗಳ ಸದ್ದನ್ನೂ ಬಿಟ್ಟರೆ ಅವಳು ಬೇರೇನನ್ನೂ ಕೇಳಿಸಿಕೊಂಡಿರಲಿಲ್ಲ.

"ಯಾರೂ ಹೆಜ್ಜೆ ಎತ್ತಬೇಡಿ. ಉಸಿರು ಕೂಡ ಮೆಲ್ಲಗೆ" ಎಂದಳು.

ಇಪ್ಪತ್ತೆರಡು ಮಕ್ಕಳು, ಮೇಷ್ಟ್ರು, ಅವಳು, ಎಲ್ಲರೂ ಕಂಬದ ಹಾಗೆ ನಿಂತರು. ಅವಳ ಕಾಲು ನಿಲ್ಲಲು ಒಲ್ಲೆ ಎನ್ನುತ್ತಿತ್ತು. ಬೂಟಿನೊಳಗೆ ಬೆರಳುಗಳು ಮುದುಡಿ ಬಿಚ್ಚುತ್ತಿದ್ದವು. ನಿಂತ ಒಂದೊಂದು ಕ್ಷಣವೂ ಮಗುವನ್ನು ಕೈಬಿಟ್ಟ ಕ್ಷಣದಂತೆ ಅವಳನ್ನು ಇರಿಯುತ್ತಿತ್ತು. ಹಗ್ಗವನ್ನು ಎರಡೂ ಕೈಯಲ್ಲಿ ಬಿಗಿಹಿಡಿದು, ಕಣ್ಣು ಮುಚ್ಚಿ, ಅಲುಗದೆ ನಿಂತಳು. ಮೊದಲು ತನ್ನ ಎದೆಬಡಿತವೇ ಕೇಳಿಸಿತು. ಆಮೇಲೆ ತೊರೆಯ ನೀರು. ಎಲ್ಲೋ ಒಂದು ಎಲೆ ಬಿತ್ತು, ಅದೂ ಕೇಳಿಸಿತು. ಅದರಾಚೆಗೆ, ಟಕ್. ಬಿಟ್ಟು, ಟಕ್ ಟಕ್.

"ಮರಕುಟಿಗ ಇರ್ಬೇಕು" ಎಂದು ಮೇಷ್ಟ್ರು ಪಿಸುಗುಟ್ಟಿದರು.

"ಮರಕುಟಿಗ ಇಷ್ಟು ನಿಧಾನ ಬಡಿಯಲ್ಲ" ಎಂದಳು ಹಗ್ಗದಕ್ಕ.

ಹತ್ತು ಹೆಜ್ಜೆ ಇಟ್ಟಳು, ನಿಂತಳು. ಟಕ್. ಮತ್ತೆ ಹತ್ತು ಹೆಜ್ಜೆ, ಮತ್ತೆ ನಿಂತಳು. ಓಡು ಓಡು ಎಂದು ಮೈಯೆಲ್ಲ ಕಿರುಚುತ್ತಿದ್ದರೂ ಹಲ್ಲು ಕಚ್ಚಿಕೊಂಡು ನಿಂತಳು. ಹೀಗೆ ಐದಾರು ಸಲವಾದ ಮೇಲೆ ಮಂಜಿನೊಳಗೆ ಒಂದು ನೀಲಿ ಟೋಪಿ ಕಂಡಿತು. ಪಿಸು ಎಡಗೈಯಲ್ಲಿ ಮರ ತಬ್ಬಿಕೊಂಡು ಬಲಗೈಯಲ್ಲಿದ್ದ ಕಲ್ಲಿನಿಂದ ಅದರ ತೊಗಟೆಗೆ ಬಡಿಯುತ್ತಿದ್ದಳು. ಒಂದು ಕಾಲಲ್ಲಿ ಶೂ ಇರಲಿಲ್ಲ. ಸೀಟಿ ಕೇಳಿ ಹೊರಟವಳಿಗೆ ಅರ್ಧ ದಾರಿಯಲ್ಲಿ ದಿಕ್ಕು ತಿಳಿಯದಾಗಿತ್ತು. ಕಲಿಸಿದ ಹಾಗೆಯೇ ಹತ್ತಿರದ ಮರ ಹಿಡಿದು ನಿಂತಿದ್ದಳು.

ಹಗ್ಗದಕ್ಕ ಮಂಡಿಯೂರಿ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ಮಗು ಅಳುತ್ತಿರಲಿಲ್ಲ. ಕಿವಿಯ ಹತ್ತಿರ ಬಾಯಿ ತಂದು ಹೇಳಿತು:

"ನಾನು ಕರೀತಾನೇ ಇದ್ದೆ ಅಕ್ಕಾ. ನೀವು ಎರಡು ಸಲ ಇಲ್ಲೇ ಪಕ್ಕದಲ್ಲೇ ಓಡಿ ಹೋದ್ರಿ."

ಅಳು ಬಂದದ್ದು ಹಗ್ಗದಕ್ಕನಿಗೆ.

ಸೋಮವಾರ ದೊಡ್ಡ ಮೇಡಂ ಕೋಣೆಯಲ್ಲಿ ಡ್ರೈವರ್ ಖಾಕಿ ಅಂಗಿಯಲ್ಲೇ ಬಂದು ಕೂತಿದ್ದ, ಪಕ್ಕದಲ್ಲಿ ಪಿಸು. ಅವನ ದನಿಗೆ ಕಿಟಕಿಯ ಗಾಜು ಅದುರುತ್ತಿತ್ತು. ಅಂಥ ಅಪ್ಪನಿಗೆ ಇಂಥ ಮಗಳು ಹೇಗೆ ಹುಟ್ಟಿದಳೋ!

"ನನ್ನ ಬಸ್ಸಲ್ಲಿ ಅರವತ್ತು ಜನ ಹತ್ತುತ್ತಾರೆ, ಅರವತ್ತು ಜನ ಇಳೀತಾರೆ. ಇಪ್ಪತ್ಮೂರು ಮಕ್ಕಳನ್ನ ನೋಡ್ಕೊಳ್ಳೋಕೆ ಆಗಲ್ವೇನ್ರೀ ನಿಮಗೆ?"

ನಾದಿನಿ ಬಾಗಿಲಾಚೆಯಿಂದ, ಮಂಜಿನ ಮೇಲೆ ಹಾಕಿಬಿಡು ಎಂಬಂತೆ ಕಣ್ಸನ್ನೆ ಮಾಡಿದಳು. ಹಗ್ಗದಕ್ಕ ಅದನ್ನು ನೋಡಿಯೂ ನೋಡದವಳಂತಿದ್ದಳು.

"ತಪ್ಪು ನಂದೇ. ಅವಳು ನಾನು ಹೇಳಿಕೊಟ್ಟಿದ್ದನ್ನ ಮಾಡಿದ್ಲು. ನಾನು ಮಾಡ್ಲಿಲ್ಲ. ಅವಳ ದನಿ ಸಣ್ಣದು ಅಂತ ಗೊತ್ತಿದ್ದೂ ಅವಳ ಕೈಗೆ ಒಂದು ಸೀಟಿ ಕೊಡ್ಲಿಲ್ಲ."

ಪಿಸು ಅಪ್ಪನ ತೋಳು ಜಗ್ಗಿದಳು. ಅವನು ಬಾಗಿ ಕಿವಿಗೊಟ್ಟ, ಮುಖ ಗಂಟಿಕ್ಕಿದ, ಇನ್ನೊಮ್ಮೆ ಕಿವಿಗೊಟ್ಟ.

"ಏನಂತೆ?" ಎಂದರು ದೊಡ್ಡ ಮೇಡಂ.

"ಬುಧವಾರ ಮತ್ತೆ ಹೋಗ್ಬೇಕಂತೆ" ಎಂದ ಅವನು, ಸೋತ ದನಿಯಲ್ಲಿ.

ಬುಧವಾರ ಹೋಗಲಾಗಲಿಲ್ಲ. ಎರಡು ವಾರ ತೋಪಿನ ತರಗತಿ ನಿಂತಿತು. ಆ ಎರಡು ವಾರ ಹಗ್ಗದಕ್ಕನ ಚಡಪಡಿಕೆ ಹೇಳತೀರದು. ಗಂಡ ಮೇಜಿನ ಮೇಲೆ ಬಿಚ್ಚಿಟ್ಟ ಗಡಿಯಾರದ ಹಲ್ಲುಚಕ್ರಗಳನ್ನು ಒಂದೇ ಬೆಳಿಗ್ಗೆ ಎರಡು ಸಲ ನೆಲಕ್ಕೆ ಬೀಳಿಸಿದಳು. ನಡುನಡುವೆ ಹಿತ್ತಲ ಬಾಗಿಲಲ್ಲಿ ಹೋಗಿ, ಚೌಕಟ್ಟು ಹಿಡಿದು, ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು.

"ಏನೇ, ಹುಷಾರಿಲ್ವಾ? ನಿಂತ್ಬಿಟ್ಟಿದ್ದೀಯ?" ಎಂದು ಅತ್ತೆ ಗಾಬರಿಯಾಗಿ ಹಣೆ ಮುಟ್ಟಿ ನೋಡಿದರು.

"ಅಭ್ಯಾಸ ಮಾಡ್ತಿದ್ದೀನಿ ಅತ್ತೆ."

"ನಿಲ್ಲೋದನ್ನಾ? ನಿನ್ನ ವಯಸ್ಸಿಗೆ?"

ಮೂರನೇ ವಾರ ತರಗತಿ ಮತ್ತೆ ಶುರುವಾಯಿತು. ಪ್ರತಿ ಮಗುವಿನ ಕೊರಳಲ್ಲೂ ಸೀಟಿ. ಕೂರುವ ಮರಗಳಿಗೆ ಬಣ್ಣದ ಪಟ್ಟಿ, ಅದರಾಚೆಗೆ ಯಾರೂ ಹೋಗುವಂತಿಲ್ಲ. ಇನ್ನೊಬ್ಬ ದೊಡ್ಡವರು ಜೊತೆಗಿರಬೇಕು ಎಂದು ದೊಡ್ಡ ಮೇಡಂ ಷರತ್ತು ಹಾಕಿದಾಗ ಡ್ರೈವರನೇ ಮುಂದೆ ಬಂದ. "ಬುಧವಾರ ನನಗೆ ರಜ. ನನ್ನ ಕಣ್ಣೆದುರಿಗೇ ನಡೀಲಿ" ಎಂದ. ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಆದರೂ ಮೊದಲ ದಿನವೇ ಜಾರದ ಗಂಟು ಹಾಕಲು ಬಾರದೆ ಮಗಳಿಂದ ಮೂರು ಸಲ ಹೇಳಿಸಿಕೊಂಡ.

ಎಲೆ ಪೂರ್ತಿ ಉದುರಿ ತೋಪು ಬಯಲಾದ ಮೇಲೂ ಒಂದು ಬುಧವಾರ ಉಳಿದಿತ್ತು. ಹತ್ತು ನಿಮಿಷ ಶುರುವಾಯಿತು. ಹಗ್ಗದಕ್ಕ ಹಗ್ಗ ಹಿಡಿದು ನಿಂತಳು. ಒಳಗೆ ನೆಮ್ಮದಿಯೇನೂ ಇರಲಿಲ್ಲ. ನೀಲಿ ಟೋಪಿ ಎಲ್ಲಿದೆ ಎಂದು ಕ್ಷಣಕ್ಕೊಮ್ಮೆ ಹುಡುಕುತ್ತಿದ್ದಳು, ಬೆರಳ ಗೆಣ್ಣಿನ ಮೇಲೆ ಇಪ್ಪತ್ಮೂರರವರೆಗೆ ಎಣಿಸುತ್ತಿದ್ದಳು, ಮುಗಿದರೆ ಮತ್ತೆ ಒಂದರಿಂದ. ಆದರೆ ಕಾಲು ಎತ್ತಲಿಲ್ಲ. ಒಂದು ಪುಟ್ಟ ಬೂದು ಹಕ್ಕಿ ಬಂದು ಪಟಪಟಳ ಶೂ ಪಕ್ಕದಲ್ಲೇ ಎಲೆ ಕೆದಕಿತು. ಪಟಪಟ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡು ಕಣ್ಣರಳಿಸಿದಳು.

ಸೀಟಿ ಊದಿದಾಗ ಇಪ್ಪತ್ಮೂರು ಮಕ್ಕಳೂ ಬಂದು ಹಗ್ಗ ಹಿಡಿದರು. ಡ್ರೈವರ್ ಮಾತ್ರ ಬರಲಿಲ್ಲ. ಹಗ್ಗದಕ್ಕ ಪಿಸುವನ್ನು ಕರೆದುಕೊಂಡು ಹುಡುಕಲು ಹೋದಳು. ಅವನು ಮರಕ್ಕೊರಗಿ, ಬಾಯಿ ತೆರೆದುಕೊಂಡು, ಗಾಢ ನಿದ್ದೆಯಲ್ಲಿದ್ದ. ಬೆಳಗಿನ ಜಾವದ ಬಸ್ಸು ಓಡಿಸಿ ಓಡಿಸಿ ಆ ಮನುಷ್ಯನಿಗೆ ಎಷ್ಟು ವರ್ಷದ ನಿದ್ದೆ ಬಾಕಿಯಿತ್ತೋ.

"ಎಬ್ಬಿಸ್ಲಾ?" ಎಂದಳು ಹಗ್ಗದಕ್ಕ.

ಪಿಸು ತಲೆಯಾಡಿಸಿ ಬೇಡವೆಂದು, ಅಪ್ಪನ ಪಕ್ಕದಲ್ಲಿ ಕೂತಳು.