ಕೈ ಎತ್ತಿದ ವರ್ನನ್

ಸನಿವೇಲ್ ಪಟ್ಟಣದಲ್ಲಿ ಏಪ್ರಿಕಾಟ್ ಹಣ್ಣಿನ ತೋಟಗಳನ್ನು ಕಡಿದು ಕಾರ್ಖಾನೆಗಳನ್ನು ಎಬ್ಬಿಸುತ್ತಿದ್ದ ಕಾಲ. ವರ್ನನ್ ಸಬಾಟ್ಕಾ ಕಚೇರಿಯಿಂದ ಕಚೇರಿಗೆ ಅಲೆದು ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ. ಬೀರುವಿನಂಥ ಯಂತ್ರಗಳು, ಕೂತಲ್ಲಿಂದ ಕದಲುತ್ತಿರಲಿಲ್ಲ. ಒಂದು ಭಾನುವಾರ ಹೆಂಡತಿ ಆರ್ಡಿತಳ ಹೊಲಿಗೆ ಯಂತ್ರವನ್ನು ಅದರ ಪೆಟ್ಟಿಗೆಯಿಂದ ಹೊರತೆಗೆದಿಟ್ಟು, ಆ ಜಾಗದಲ್ಲಿ ಅಂಗೈಯಗಲದ ಪರದೆ, ಕೀಲಿಮಣೆ ಕೂರಿಸತೊಡಗಿದ.

"ಅರ್ಧ ಹೊಲಿದ ಸ್ಕರ್ಟ್ ಹಾಕ್ಕೊಂಡು ಚರ್ಚಿಗೆ ಬರ್ಲಾ?" ಎಂದಳು ಆರ್ಡಿತ್.

"ಬಾ. ಪಾದ್ರಿಗಳಿಗೂ ಒಂದಿಷ್ಟು ನಿದ್ದೆ ಬಿಟ್ಟೀತು."

ಕೈಯಲ್ಲಿ ಹಿಡಿದು ಹೊರಬಹುದಾದ ಕಂಪ್ಯೂಟರ್ ಅದು. ಗೆಳೆಯ ಲೈಲ್‌ನನ್ನು ಸೇರಿಸಿಕೊಂಡು ವರ್ನನ್ ಕಂಪನಿ ತೆಗೆದ. ಎರಡು ವರ್ಷ ಯಂತ್ರಗಳು ಬಿಸಿ ಬ್ರೆಡ್ಡಿನ ಹಾಗೆ ಖರ್ಚಾದವು. ಪೆಟ್ಟಿಗೆ ಹಿಡಿದು ವಿಮಾನ ಹತ್ತುವ ಅವನ ಫೋಟೋ ಪತ್ರಿಕೆಗಳಲ್ಲಿ ಬಂತು. ಆಮೇಲೆ ಬೇರೆಯವರು ಇನ್ನೂ ಹಗುರದ್ದನ್ನು ಮಾಡಿದರು. ಇವನ ಹೊಸ ಯಂತ್ರ ಬರುವುದು ತಡವಾಯಿತು.

ಬಂಡವಾಳ ಹಾಕಿದವರು ಸಭೆ ಕರೆದರು. ವರ್ನನ್ ಮುಖ್ಯಸ್ಥನ ಸ್ಥಾನದಿಂದ ಇಳಿದು ಹೊಸಬರು ಬರಬೇಕು, ಒಪ್ಪುವವರು ಕೈ ಎತ್ತಿ ಎಂದರು. ಲೈಲ್ ತಲೆ ತಗ್ಗಿಸಿಕೊಂಡೇ ಎತ್ತಿದ. ವರ್ನನ್ ಮೇಜಿನ ಸುತ್ತ ಒಮ್ಮೆ ನೋಡಿ, ತಾನೂ ಎತ್ತಿದ.

"ನಿನ್ನನ್ನ ತೆಗೆಯೋಕೆ ನೀನೇ ಯಾಕೆ ಕೈ ಎತ್ತಿದೆ?" ಮನೆಯಲ್ಲಿ ಆರ್ಡಿತ್ ಕೇಳಿದಳು.

"ಎಲ್ಲರೂ ಎತ್ತಿದ್ರು."

"ಕೋಪ ಬರಲಿಲ್ವಾ?"

ಅವನು ಒಳಗೆಲ್ಲ ತಡಕಿ ನೋಡಿದ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿಸಿಕೊಂಡ ದವಡೆಯಂತೆ ಎಲ್ಲ ಜೋಮು ಹಿಡಿದಿತ್ತು. "ಸೂಪ್ ತಣ್ಣಗಾಗ್ತಿದೆ" ಎಂದ.

ಮರುವರ್ಷ ಕಂಪನಿ ಬಾಗಿಲು ಹಾಕಿತು. ಲೈಲ್ ಫೋನಿನಲ್ಲಿ ಅತ್ತ. "ನಾನು ಅವತ್ತು ನಿನ್ನ ಪರ ನಿಲ್ಲಬೇಕಿತ್ತು ಕಣೋ."

"ನಾನೇ ನಿಲ್ಲಲಿಲ್ವಲ್ಲ" ಎಂದ ವರ್ನನ್. ಲೈಲ್‌ನ ಅಳು ನಿಲ್ಲುವವರೆಗೂ ರಿಸೀವರ್ ಹಿಡಿದೇ ಇದ್ದ.

ಆಮೇಲೆ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ಯಂತ್ರ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಹೊತ್ತಿಗೆ ಸರಿಯಾಗಿ ಹೋಗುತ್ತಿದ್ದ, ಬರುತ್ತಿದ್ದ. ಲೈಲ್ ಆಗಾಗ ಬಂದು ಅಂಗಳದಲ್ಲಿ ಮಾಂಸ ಸುಡುತ್ತಿದ್ದ. ಹಳೆಯ ಮಾತು ಯಾರೂ ಎತ್ತುತ್ತಿರಲಿಲ್ಲ.

ವರ್ಷಗಳು ಕಳೆದ ಮೇಲೆ, ಮಗಳನ್ನು ನೋಡಲು ಡೆನ್ವರ್‌ಗೆ ಹೊರಟಾಗ, ವಿಮಾನದಲ್ಲಿ ಪಕ್ಕದ ತರುಣಿ ಪುಸ್ತಕದಷ್ಟು ತೆಳ್ಳಗಿನ ಕಂಪ್ಯೂಟರ್ ತೆರೆದಳು. ಅವನು ನೋಡುತ್ತಿರುವುದು ಕಂಡು ನಕ್ಕಳು. "ಇದಿಲ್ಲದೆ ಜನ ಹೇಗೆ ಕೆಲಸ ಮಾಡ್ತಿದ್ರೋ ಸರ್. ನೀವೂ ಬಳಸ್ತೀರಾ?"

"ಇಲ್ಲಮ್ಮ" ಎಂದ ವರ್ನನ್.

ಆಚೆ ಸೀಟಿನಿಂದ ಆರ್ಡಿತ್ ಬಗ್ಗಿ ಪಿಸುಗುಟ್ಟಿದಳು: "ಹೇಳಬಾರದಿತ್ತಾ ಅವಳಿಗೆ?"

"ಏನಂತ?"

ಆರ್ಡಿತ್ ಹೊದಿಕೆಯನ್ನು ಅವನ ಮೊಣಕಾಲಿನ ಮೇಲೆ ಎಳೆದಳು. ವರ್ನನ್ ಕಣ್ಣು ಮುಚ್ಚಿದ.